ಕೈ ಪಳಗಿಸಲು ಕಡಲು ದಾಟಬೇಕೇ?

1863ರ ಜನವರಿಯ ಕೊನೆಯಲ್ಲಿ ಎಡೊ ನಗರದ ಅಂಚಿನ ಗುಡ್ಡವೊಂದರ ಮೇಲೆ ಕಟ್ಟಿ ಮುಗಿಯುತ್ತಿದ್ದ ಬ್ರಿಟಿಷ್ ದೂತಾವಾಸಕ್ಕೆ ಚೋಷು ಸಂಸ್ಥಾನದ ಕೆಲವು ಸಮುರಾಯ್ ತರುಣರು ಬೆಂಕಿ ಇಟ್ಟರು. ಪರದೇಶದವರನ್ನು ಓಡಿಸಿದರೆ ಜಪಾನು ಉಳಿಯುತ್ತದೆ ಎಂಬ ಆವೇಶ ಆಗ ಅವರ ತಲೆಗೇರಿತ್ತು. ಆ ಗುಂಪಿನಲ್ಲಿದ್ದ ಇತೊ ಹಿರೊಬುಮಿ, ಇನೊಯೆ ಕಾವೊರು, ಯಮಾವೊ ಯೋಜೊ ಎಂಬ ಮೂವರು ಅರ್ಧ ವರ್ಷ ಕಳೆಯುವುದರೊಳಗೆ ಇನ್ನಿಬ್ಬರನ್ನು ಜೊತೆ ಮಾಡಿಕೊಂಡು ಯೊಕೊಹಾಮಾದಿಂದ ಕದ್ದು ಹೊರಟು, ಶಾಂಘೈ ಮೂಲಕ ಲಂಡನ್ನಿನ ದಾರಿ ಹಿಡಿದರು. ಅಪ್ಪಣೆಯಿಲ್ಲದೆ ದೇಶ ಬಿಟ್ಟವರಿಗೆ ತೊಕುಗಾವಾ ಆಳ್ವಿಕೆಯಲ್ಲಿ ಮರಣದಂಡನೆ. ಅದನ್ನು ತಿಳಿದೇ ಹೊರಟಿದ್ದರು. ಬೆಂಕಿ ಇಟ್ಟ ಕೈಗಳು ಅದೇ ಬ್ರಿಟಿಷರ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಹೋದ ಈ ತಿರುವನ್ನು ಜಪಾನಿನ ಚರಿತ್ರೆಕಾರರು ದೇಶದ ಕೈಗಾರಿಕಾ ಕಥೆಯ ಮೊದಲ ಪುಟವಾಗಿ ಬರೆಯುತ್ತಾರೆ. ಅದರಿಂದ ಒಂದು ಸುಲಭದ ತೀರ್ಮಾನವೂ ಹುಟ್ಟಿಕೊಂಡಿದೆ: ಹುಡುಗರನ್ನು ಎಷ್ಟು ಬೇಗ ಹೊರದೇಶಕ್ಕೆ ಕಳಿಸಿ ಕೈಗೆ ಕೆಲಸ ಹಚ್ಚಿಸುತ್ತೀರೋ ಅಷ್ಟು ಒಳ್ಳೆಯದು ಎಂಬುದು. ಇಂಜಿನಿಯರಿಂಗಿನ ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳನ್ನು ಕೆಲವು ವಾರ ಬೇರೆ ದೇಶದ ವರ್ಕ್‌ಶಾಪಿಗೆ ಕರೆದೊಯ್ಯುವ ಇಂದಿನ ಯೋಜನೆಗಳ ಹಿಂದೆ ಈ ನಂಬಿಕೆ ಇದೆ.

ಜಪಾನಿನ ದಾಖಲೆಯನ್ನು ಮುಂದಕ್ಕೆ ಓದುತ್ತ ಹೋದರೆ ಈ ನಂಬಿಕೆಗೆ ಅಲ್ಲಿ ಆಧಾರ ಸಿಗುವುದಿಲ್ಲ. ಬೇಗ ಕಳಿಸುವ ಪ್ರಯೋಗವನ್ನು ಆ ದೇಶ ಮಾಡಿ ನೋಡಿತು, ಹತ್ತೇ ವರ್ಷದಲ್ಲಿ ಕೈಬಿಟ್ಟಿತು. ಅದಾದ ಮೇಲೆ ಹಿಡಿದದ್ದು ಬೇರೆ ದಾರಿ. ಕೈ ಪಳಗಿಸುವ ಮೊದಲ ಪಾಠ ಮನೆಯಲ್ಲೇ ಆಗಬೇಕು, ಅದಕ್ಕೆ ಬೇಕಾದ ಗುರುಗಳನ್ನು ಹೊರಗಿನಿಂದ ಕರೆಸಬೇಕು, ಓದು ಮುಗಿದು ಕೆಲಸದ ಅಳತೆ ಗೊತ್ತಾದವನು ಮಾತ್ರ ಹಡಗು ಹತ್ತಬೇಕು. ಜಪಾನು ಗೆದ್ದದ್ದು ಈ ಎರಡನೆಯ ದಾರಿಯಲ್ಲಿ ಎಂಬುದು ನನ್ನ ವಾದ. ನಮ್ಮಲ್ಲಿ ಅಂಥದೇ ಪ್ರಯತ್ನ ಸೊರಗಿದ್ದಕ್ಕೂ ಈ ಕ್ರಮ ತಲೆಕೆಳಗಾದದ್ದು ಒಂದು ಕಾರಣ, ಅದೊಂದೇ ಕಾರಣವಲ್ಲದಿದ್ದರೂ.

ಮೊದಲು ಯಮಾವೊನನ್ನೇ ನೋಡೋಣ, ಏಕೆಂದರೆ ಬೇಗ ಕಳಿಸಬೇಕೆನ್ನುವವರ ದೊಡ್ಡ ಸಾಕ್ಷಿ ಅವನೇ. ಲಂಡನ್ನಿನಲ್ಲಿ ಈ ಐವರಿಗೆ ಆಸರೆ ಕೊಟ್ಟವನು ಯೂನಿವರ್ಸಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರೊಫೆಸರ್ ಅಲೆಕ್ಸಾಂಡರ್ ವಿಲಿಯಂಸನ್. ತಮ್ಮ ಸಂಸ್ಥಾನದ ಮೇಲೆ ಪಾಶ್ಚಾತ್ಯ ನೌಕಾಪಡೆಗಳು ಏರಿ ಬರಲಿವೆ ಎಂಬ ಸುದ್ದಿ ತಿಳಿದು 1864ರಲ್ಲಿ ಇತೊ ಮತ್ತು ಇನೊಯೆ ಕಾವೊರು ಊರಿಗೆ ಓಡಿದರು. ಉಳಿದ ಮೂವರಲ್ಲಿ ಯಮಾವೊ 1866ರಲ್ಲಿ ಗ್ಲಾಸ್ಗೊಗೆ ಹೋದ. ದಾರಿ ಖರ್ಚಿಗೂ ಕಾಸಿರಲಿಲ್ಲ. ಲಂಡನ್ನಿನಲ್ಲಿದ್ದ ಸತ್ಸುಮ ಸಂಸ್ಥಾನದ ವಿದ್ಯಾರ್ಥಿಗಳು ತಲೆಗೊಂದು ಪೌಂಡ್ ಹಾಕಿ ಸಾಲ ಕೊಟ್ಟರು. ಊರಿನಲ್ಲಿ ಚೋಷುವಿಗೂ ಸತ್ಸುಮಕ್ಕೂ ಕತ್ತಿ ಮಸೆಯುವಷ್ಟು ಹಗೆ ಇದ್ದ ಕಾಲದ ನೆನಪು ಇನ್ನೂ ಆರಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಗ್ಲಾಸ್ಗೊದಲ್ಲಿ ಹಗಲು ಕ್ಲೈಡ್ ನದಿಯ ದಂಡೆಯ ನೇಪಿಯರ್ ಹಡಗುಕಟ್ಟೆಯಲ್ಲಿ ಕೆಲಸ, ಸಂಜೆ ಆ್ಯಂಡರ್ಸನ್ ಕಾಲೇಜಿನಲ್ಲಿ ಪಾಠ. ಆಗ ಅವನಿಗೆ ವಯಸ್ಸು ಇಪ್ಪತ್ತೊಂಬತ್ತು. ಇದನ್ನು ಮರೆತು ಅವನನ್ನು ಮೊದಲ ವರ್ಷದ ಹುಡುಗರ ಸಾಲಿಗೆ ಸೇರಿಸುವುದೇ ತಪ್ಪು ಲೆಕ್ಕ. ಊರು ಬಿಡುವ ಮೊದಲೇ ಸಮುದ್ರಯಾನ ಕಂಡವನು, ರಾಜಕೀಯದ ಬಿಸಿ ತಿಂದವನು, ಮೂರು ವರ್ಷ ಲಂಡನ್ನಿನಲ್ಲಿ ಭಾಷೆಯನ್ನೂ ವಿಜ್ಞಾನವನ್ನೂ ಕಲಿತವನು ಆ ಕಟ್ಟೆಗೆ ಕಾಲಿಟ್ಟಿದ್ದ.

ಆ ಕಾಲದ ಕಬ್ಬಿಣದ ಹಡಗಿನ ಕಟ್ಟೆಯಲ್ಲಿ ಒಂದು ರಿವೆಟ್ ಬಡಿಯಲು ನಾಲ್ಕು ಜನ ಬೇಕು. ಒಬ್ಬ ಹುಡುಗ ಸಣ್ಣ ಕುಲುಮೆಯಲ್ಲಿ ಮೊಳೆಯನ್ನು ಕೆಂಪಗೆ ಕಾಯಿಸುತ್ತಾನೆ. ಇನ್ನೊಬ್ಬ ಅದನ್ನು ತೂತಿಗೆ ತೂರಿಸಿ ಭಾರದ ಸುತ್ತಿಗೆಯನ್ನು ಒಳಗಿನಿಂದ ಒತ್ತಿ ಹಿಡಿಯುತ್ತಾನೆ. ಹೊರಗೆ ಇಬ್ಬರು, ಒಬ್ಬ ಬಲಗೈಯವ, ಒಬ್ಬ ಎಡಗೈಯವ, ಲಯ ತಪ್ಪದೆ ಒಬ್ಬರಾದ ಮೇಲೊಬ್ಬರು ಬಡಿಯುತ್ತಾರೆ. ಮೊಳೆ ತಣ್ಣಗಾಗುವ ಮೊದಲು ತಲೆ ಕೂರಬೇಕು. ಕೂಲಿ ತಂಡಕ್ಕೆ, ಬಡಿದ ರಿವೆಟ್ಟಿನ ಲೆಕ್ಕದಲ್ಲಿ. ಸುತ್ತಿಗೆ ಬೀಸುವುದನ್ನು ಯಾವ ಊರಿನ ಕಮ್ಮಾರಸಾಲೆಯಲ್ಲಾದರೂ ಕಲಿಯಬಹುದು. ಆದರೆ ಈ ನಾಲ್ವರ ಹೊಂದಾಣಿಕೆ, ಇಂಥ ನೂರು ತಂಡಗಳ ಕೆಲಸ ಒಂದೇ ದಿನ ಒಂದೇ ಹಡಗಿನ ಮೈಮೇಲೆ ಸಾಗುವಂತೆ ತಗಡು ಯಾವಾಗ ಬರಬೇಕು, ಯಾವ ಮೇಸ್ತ್ರಿ ಯಾರ ಮಾತು ಕೇಳಬೇಕು, ಕೆಟ್ಟ ಕೆಲಸವನ್ನು ಯಾರು ಕಂಡುಹಿಡಿಯಬೇಕು ಎಂಬ ಏರ್ಪಾಡು ಇದೆಯಲ್ಲ, ಅದು ಅಲ್ಲಿಯೇ ನಿಂತು ನೋಡಬೇಕಾದದ್ದು. ಕೈಕೆಲಸದ ತಿಳಿವಿನಲ್ಲಿ ಹೀಗೆ ಎರಡು ಪದರಗಳಿವೆ. ಒಂದು ಹೊತ್ತುಕೊಂಡು ಹೋಗಬಹುದಾದದ್ದು, ಇನ್ನೊಂದು ಆ ಜಾಗಕ್ಕೇ ಅಂಟಿಕೊಂಡದ್ದು. ಎರಡನೆಯದು ಕಣ್ಣಿಗೆ ಬೀಳಬೇಕಾದರೆ ನೋಡುವವನಿಗೆ ಮೊದಲನೆಯದು ಗೊತ್ತಿರಬೇಕು, ಜೊತೆಗೆ ಲೋಕವೂ ಸ್ವಲ್ಪ ಗೊತ್ತಿರಬೇಕು. ಯಮಾವೊ ಕ್ಲೈಡ್ ದಂಡೆಯಲ್ಲಿ ಕಂಡದ್ದರಲ್ಲಿ ಒಂದು, ಕಿವುಡ ಕೆಲಸಗಾರರು ಕೈಸನ್ನೆಯಲ್ಲಿ ಮಾತಾಡಿಕೊಂಡು ಉಳಿದವರ ಸರಿಸಮ ದುಡಿಯುತ್ತಿದ್ದುದು. 1871ರಲ್ಲಿ ಅವನು ಕುರುಡರಿಗೆ, ಕಿವುಡರಿಗೆ ಶಾಲೆ ಬೇಕೆಂದು ಸರ್ಕಾರಕ್ಕೆ ಮನವಿ ಬರೆದ. ಯಾವ ಪಠ್ಯಕ್ರಮದಲ್ಲೂ ಇಲ್ಲದ ಈ ಪಾಠ ಬಲಿತ ಕಣ್ಣಿಗಷ್ಟೇ ದಕ್ಕುವಂಥದು.

1868ರಲ್ಲಿ ಊರಿಗೆ ಮರಳಿದಾಗ ಜಪಾನಿನ ಆಳ್ವಿಕೆಯೇ ಬದಲಾಗಿತ್ತು. ಹೊಸ ಮೇಜಿ ಸರ್ಕಾರಕ್ಕೆ ಹೊರದೇಶದ ಹುಚ್ಚು ಹಿಡಿದಿತ್ತು ಎಂದರೂ ಸಲ್ಲುತ್ತದೆ. ಸಂಸ್ಥಾನಗಳು, ಇಲಾಖೆಗಳು, ದೊಡ್ಡವರ ಮನೆಗಳು ತಮಗೆ ಬೇಕಾದ ಹುಡುಗರನ್ನು ಸರ್ಕಾರದ ಖರ್ಚಿನಲ್ಲಿ ಯುರೋಪಿಗೆ, ಅಮೆರಿಕಕ್ಕೆ ಕಳಿಸಿದವು. ಭಾಷೆ ಬಾರದವರು, ಗಣಿತದ ಗಂಧವಿಲ್ಲದವರು, ಬರೀ ವಶೀಲಿಯಿಂದ ಆಯ್ಕೆಯಾದವರು ಬೇಕಾದಷ್ಟು. ಅಲ್ಲಿ ಹೋಗಿ ಒಂದೆರಡು ವರ್ಷ ಅಕ್ಷರಾಭ್ಯಾಸದಲ್ಲೇ ಕಳೆಯಿತು. ಖರ್ಚು ನೋಡಿ ಶಿಕ್ಷಣ ಇಲಾಖೆಗೆ ತಲೆ ತಿರುಗಿತು. 1873ರ ಕೊನೆಯಲ್ಲಿ ಸರ್ಕಾರ ತನ್ನ ಖರ್ಚಿನ ವಿದ್ಯಾರ್ಥಿಗಳೆಲ್ಲ ವಾಪಸು ಬರಬೇಕೆಂದು ಆಜ್ಞೆ ಹೊರಡಿಸಿತು, ಅವರನ್ನು ಒಪ್ಪಿಸಿ ಕರೆತರಲು ಅಧಿಕಾರಿಯನ್ನೂ ಕಳಿಸಿತು. ಎರಡು ವರ್ಷ ಬಾಗಿಲು ಮುಚ್ಚಿ, 1875ರಲ್ಲಿ ಮತ್ತೆ ತೆರೆದಾಗ ನಿಯಮ ಬೇರೆಯಾಗಿತ್ತು. ಟೋಕಿಯೊದಲ್ಲಿ ಮೇಲ್ಮಟ್ಟದ ಓದು ನಡೆಸುತ್ತಿದ್ದವರಲ್ಲಿ ಆರಿಸಿದ ಬೆರಳೆಣಿಕೆಯ ಮಂದಿಗೆ ಮಾತ್ರ ಅವಕಾಶ. ಆ ಮೊದಲ ತಂಡದಲ್ಲಿ ಪ್ಯಾರಿಸ್ಸಿಗೆ ಹೋದ ಫುರುಇಚಿ ಕೋಯಿ ಮುಂದೆ 1886ರಲ್ಲಿ ಇಂಪೀರಿಯಲ್ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಕಾಲೇಜಿನ ಮುಖ್ಯಸ್ಥನಾದ. ಬೇಗ ಕಳಿಸುವ ಪ್ರಯೋಗದ ಮೇಲೆ ಕಳಿಸಿದ ಸರ್ಕಾರವೇ ಕೊಟ್ಟ ತೀರ್ಪು ಇದು. ಇಂದಿನ ಚರ್ಚೆಗಳಲ್ಲಿ 1863 ಬರುತ್ತದೆ, 1873 ಬರುವುದಿಲ್ಲ.

ಅದೇ 1873ರಲ್ಲಿ ಟೋಕಿಯೊದಲ್ಲಿ ಇನ್ನೊಂದು ಬಾಗಿಲು ತೆರೆಯಿತು. ರೈಲು, ತಂತಿ, ದೀಪಸ್ತಂಭ, ಗಣಿ ಇವನ್ನೆಲ್ಲ ನೋಡಿಕೊಳ್ಳಲು 1870ರಲ್ಲಿ ಲೋಕೋಪಯೋಗಿ ಮಂತ್ರಾಲಯ ಹುಟ್ಟಿತ್ತು. ಯಮಾವೊ ಅದರಲ್ಲಿದ್ದ, ಇತೊ ಅದರ ಮಂತ್ರಿಯಾದ. ಅದರ ಕೈಕೆಳಗೆ ಇಂಜಿನಿಯರಿಂಗ್ ಕಾಲೇಜೊಂದು ಬೇಕು ಎಂದು ಯಮಾವೊ ಹಟ ಹಿಡಿದ. ಕಾರ್ಖಾನೆಗಳೇ ಇಲ್ಲದ ದೇಶದಲ್ಲಿ ಇಂಜಿನಿಯರುಗಳನ್ನು ತಯಾರಿಸಿ ಏನು ಮಾಡುತ್ತೀರಿ ಎಂದು ಕೇಳಿದವರಿಗೆ, ಜನ ತಯಾರಾದರೆ ಕಾರ್ಖಾನೆಯನ್ನು ಅವರೇ ಹುಟ್ಟಿಸುತ್ತಾರೆ ಎಂಬ ಅರ್ಥದ ಉತ್ತರ ಕೊಟ್ಟ. ಕಾಲೇಜಿನ ಮುಖ್ಯಸ್ಥನಿಗಾಗಿ ಗ್ಲಾಸ್ಗೊದ ಪ್ರೊಫೆಸರ್ ರ‍್ಯಾಂಕಿನ್ ಅವರನ್ನು ಕೇಳಿದಾಗ ಅವರು ಸೂಚಿಸಿದ್ದು ತಮ್ಮ ಶಿಷ್ಯ ಹೆನ್ರಿ ಡೈಯರ್ ಹೆಸರನ್ನು. ಇಪ್ಪತ್ನಾಲ್ಕರ ತರುಣ. ಹುಡುಗನಾಗಿದ್ದಾಗ ಗ್ಲಾಸ್ಗೊದ ಎರಕದ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ದುಡಿದು, ಸಂಜೆ ಯಮಾವೊ ಹೋಗುತ್ತಿದ್ದ ಅದೇ ಆ್ಯಂಡರ್ಸನ್ ಕಾಲೇಜಿನಲ್ಲಿ ಓದಿದವನು. ಹಡಗಿನ ಪ್ರಯಾಣದಲ್ಲೇ ಅವನು ಕಾಲೇಜಿನ ಪಠ್ಯಯೋಜನೆ ಬರೆದು ಮುಗಿಸಿದ, ಯಮಾವೊ ಅದನ್ನು ಹೆಚ್ಚು ತಿದ್ದದೆ ಒಪ್ಪಿದ.

ಆ ಯೋಜನೆ ಆ ಕಾಲದ ಬ್ರಿಟನ್ನಿನಲ್ಲೇ ಇರಲಿಲ್ಲ. ಅಲ್ಲಿ ಇಂಜಿನಿಯರ್ ಆಗಬೇಕೆಂದವನು ಯಾರಾದರೂ ಹೆಸರಾಂತನಿಗೆ ಹಣ ಕಟ್ಟಿ ಅವನ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ವರ್ಷಗಟ್ಟಲೆ ಓಡಾಡಿಕೊಂಡಿದ್ದು ಕಲಿಯುತ್ತಿದ್ದ, ಕಲಿಸುವುದು ಬಿಡುವುದು ಆ ಯಜಮಾನನ ಮರ್ಜಿ. ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಉತ್ತಮ ಪಾಲಿಟೆಕ್ನಿಕ್‌ಗಳಿದ್ದವು, ಆದರೆ ಅಲ್ಲಿ ಒತ್ತು ಸಿದ್ಧಾಂತಕ್ಕೆ. ಡೈಯರ್ ಎರಡನ್ನೂ ಬೆಸೆದು ಆರು ವರ್ಷದ ಕೋರ್ಸ್ ಮಾಡಿದ. ಮೊದಲ ಎರಡು ವರ್ಷ ಪೂರ್ತಿ ಕಾಲೇಜಿನಲ್ಲಿ: ಇಂಗ್ಲಿಷ್, ಗಣಿತ, ಭೌತ, ರಸಾಯನ, ಡ್ರಾಯಿಂಗ್. ಮುಂದಿನ ಎರಡು ವರ್ಷ ಆರು ತಿಂಗಳು ಕಾಲೇಜು, ಆರು ತಿಂಗಳು ತಾನು ಆರಿಸಿಕೊಂಡ ಕಸುಬಿನ ಕೆಲಸ. ಕೊನೆಯ ಎರಡು ವರ್ಷ ಪೂರ್ತಿ ಕೆಲಸದ ಜಾಗದಲ್ಲೇ. ಓದಿಸಿದ ಸರ್ಕಾರಕ್ಕೆ ಮುಂದೆ ಏಳು ವರ್ಷ ಸೇವೆ ಸಲ್ಲಿಸಬೇಕೆಂಬ ಕರಾರೂ ಇತ್ತು. ಯಂತ್ರಶಾಸ್ತ್ರದ ಹುಡುಗರು ಮಂತ್ರಾಲಯದ್ದೇ ಆದ ಅಕಬಾನೆ ಕಾರ್ಖಾನೆಯಲ್ಲಿ ಲೇಥ್ ತಿರುಗಿಸಿದರು, ಎರಕ ಹೊಯ್ದರು. ತಂತಿ ವಿಭಾಗಕ್ಕೆ ಬಂದ ವಿಲಿಯಂ ಏರ್ಟನ್ ಅದಕ್ಕೆ ಮೊದಲು ಭಾರತದ ತಂತಿ ಇಲಾಖೆಯಲ್ಲಿ ಕೆಲಸ ಮಾಡಿದ್ದವನು. ವಿದ್ಯಾರ್ಥಿಗಳಲ್ಲಿ ಬಹುಪಾಲು ಸಮುರಾಯ್ ಮನೆತನದವರು, ಕೈ ಮಸಿ ಮಾಡಿಕೊಳ್ಳುವುದು ಕೀಳೆಂದು ತಲೆಮಾರುಗಳಿಂದ ನಂಬಿದವರು. ಭಾರತೀಯ ಮೇಲ್ಜಾತಿಯವರಿಗೆ ಕೈಕೆಲಸ ಒಗ್ಗುವುದಿಲ್ಲ, ಅದಕ್ಕೇ ಇಲ್ಲಿ ಕೈಗಾರಿಕೆ ಬೆಳೆಯಲಿಲ್ಲ ಎಂದು ಬ್ರಿಟಿಷ್ ಅಧಿಕಾರಿಗಳು ಮತ್ತೆ ಮತ್ತೆ ಬರೆದದ್ದನ್ನು ಓದುವಾಗ ಈ ಸಮುರಾಯ್ ಮಕ್ಕಳನ್ನು ನೆನಪಿಡುವುದು ಒಳ್ಳೆಯದು.

ಇಲ್ಲಿ ಒಂದು ಬಲವಾದ ಆಕ್ಷೇಪ ಎದುರಾಗುತ್ತದೆ. ಕೈ ಪಳಗುವುದು ಎಳೆಯ ವಯಸ್ಸಿನಲ್ಲಿ. ಇಪ್ಪತ್ತೈದಾದ ಮೇಲೆ ಅರ ಹಿಡಿದವನ ಕೈ ಹದಿನೇಳಕ್ಕೆ ಹಿಡಿದವನ ಕೈಯಂತೆ ಬಾಗುವುದಿಲ್ಲ. ಹಾಗಾದರೆ ಮೊದಲ ವರ್ಷದಲ್ಲೇ ಒಳ್ಳೆಯ ವರ್ಕ್‌ಶಾಪ್ ಇರುವ ಕಡೆ ಕಳಿಸುವುದು ತಾನೇ ಸರಿ? ಆಕ್ಷೇಪದ ಮೊದಲ ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ, ಡೈಯರನ ಯೋಜನೆಯಲ್ಲಿ ಮೊದಲ ಎರಡು ವರ್ಷ ಕಾರ್ಖಾನೆ ಇಲ್ಲದಿರುವುದು ಒಂದು ಕೊರತೆಯೆಂದೂ ಒಪ್ಪುತ್ತೇನೆ. ಆದರೆ ಎರಡನೆಯ ಭಾಗಕ್ಕೆ ಉತ್ತರ 1868ರ ಹೊತ್ತಿಗೇ ಮಾಸ್ಕೋದಲ್ಲಿ ಸಿದ್ಧವಾಗಿತ್ತು. ಅಲ್ಲಿನ ಇಂಪೀರಿಯಲ್ ಟೆಕ್ನಿಕಲ್ ಸ್ಕೂಲಿನ ಮುಖ್ಯಸ್ಥ ವಿಕ್ಟರ್ ಡೆಲ್ಲಾ-ವೋಸ್ ಒಂದು ಸರಳ ಪ್ರಶ್ನೆ ಕೇಳಿಕೊಂಡ. ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಹುಡುಗ ವರ್ಷಗಟ್ಟಲೆ ಕಲಿಯುವುದರಲ್ಲಿ ನಿಜವಾದ ಕಲಿಕೆ ಎಷ್ಟು, ನೀರು ತರುವುದು, ಕಸ ಗುಡಿಸುವುದು, ಒಂದೇ ಕೆಲಸವನ್ನು ಮಾಲೀಕನ ಲಾಭಕ್ಕಾಗಿ ಸಾವಿರ ಸಲ ಮಾಡುವುದು ಎಷ್ಟು? ಅವನೂ ಅವನ ಸಹಾಯಕರೂ ಪ್ರತಿಯೊಂದು ಕಸುಬನ್ನೂ ಬಿಡಿಸಿ ನೋಡಿದರು. ಬಡಗಿ, ಕಮ್ಮಾರ, ಫಿಟ್ಟರ್, ಲೇಥ್‌ನವನು, ಒಬ್ಬೊಬ್ಬನ ಕೆಲಸದಲ್ಲಿ ಮತ್ತೆ ಮತ್ತೆ ಬರುವ ಮೂಲ ಚಲನೆಗಳು ಯಾವುವು ಎಂದು ಪಟ್ಟಿ ಮಾಡಿ, ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಒಂದೊಂದಕ್ಕೂ ಒಂದೊಂದು ಮಾದರಿ ತುಂಡು ಗೊತ್ತು ಮಾಡಿದರು. ಪ್ರತಿ ಹುಡುಗನಿಗೂ ತನ್ನದೇ ಬೆಂಚು, ತನ್ನದೇ ಬೈಸ್, ತನ್ನದೇ ಅರ. ತಯಾರಾದದ್ದನ್ನು ಮಾರುವಂತಿಲ್ಲ. ಈ ಮೆಟ್ಟಿಲು ಹತ್ತಿದ ಮೇಲಷ್ಟೇ ಸಂಬಳದ ಕೆಲಸಗಾರರಿರುವ ನಿಜವಾದ ಕಾರ್ಖಾನೆಗೆ ಪ್ರವೇಶ.

ಈ ಪದ್ಧತಿಯ ಮಾದರಿ ತುಂಡುಗಳು 1873ರ ವಿಯೆನ್ನಾ ಪ್ರದರ್ಶನಕ್ಕೂ 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೂ ಹೋದವು. ಫಿಲಡೆಲ್ಫಿಯಾದಲ್ಲಿ ಅವನ್ನು ಕಂಡ ಎಂಐಟಿಯ ಅಧ್ಯಕ್ಷ ಜಾನ್ ರಂಕಲ್ ತಾನು ಬಹಳ ದಿನದಿಂದ ಹುಡುಕುತ್ತಿದ್ದದ್ದು ಸಿಕ್ಕಿತೆಂದುಕೊಂಡು ಅದೇ ವರ್ಷ ತನ್ನ ಸಂಸ್ಥೆಯಲ್ಲಿ ಕೈಕಸುಬಿನ ಶಾಲೆ ತೆರೆದ. ಸೇಂಟ್ ಲೂಯಿಸ್‌ನಲ್ಲಿ ಕಾಲ್ವಿನ್ ವುಡ್‌ವರ್ಡ್ ಅದನ್ನು ಪ್ರೌಢಶಾಲೆಗೆ ಇಳಿಸಿದ. ಮಾಸ್ಕೋದವರು ಒಬ್ಬ ವಿದ್ಯಾರ್ಥಿಯನ್ನೂ ಅಮೆರಿಕಕ್ಕೆ ಕಳಿಸಬೇಕಾಗಲಿಲ್ಲ, ಅಮೆರಿಕದವರು ಮಾಸ್ಕೋಗೆ ಹೋಗಬೇಕಾಗಲಿಲ್ಲ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಕಬ್ಬಿಣದ, ಮರದ ತುಂಡುಗಳು ಸಾಕಾದವು. ಕೈಯ ಅಕ್ಷರಮಾಲೆ ಊರಿಗೆ ಅಂಟಿಕೊಂಡದ್ದಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ. ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ದಶಕಗಳಿಂದ ಹುಡುಗ ಹುಡುಗಿಯರು ಎರಡು ಉಕ್ಕಿನ ತುಂಡುಗಳನ್ನು ಬೈಸಿಗೆ ಕಚ್ಚಿಸಿ, ಒಂದರಲ್ಲಿ ವಿ ಆಕಾರದ ಕಚ್ಚು ತೆಗೆದು, ಇನ್ನೊಂದರ ಮೂತಿಯನ್ನು ಅದರೊಳಗೆ ಬೆಳಕು ತೂರದಂತೆ ಕೂರಿಸಲು ಅರದಿಂದ ತಿಕ್ಕಿದ್ದಾರೆ. ಯಾರಿಗೂ ಮಾರಲಾಗದ, ಯಾವ ಯಂತ್ರಕ್ಕೂ ಸೇರದ ಆ ತುಂಡು ಡೆಲ್ಲಾ-ವೋಸ್‌ನ ವಂಶದ್ದೇ. ಅದನ್ನು ತಿಕ್ಕಲು ಒಸಾಕಾಗೋ ಸಿಂಗಪುರಕ್ಕೋ ಹೋಗಬೇಕಾಗಿಲ್ಲ. ಊರಿನ ಕಾಲೇಜಿನಲ್ಲಿ ಅರ ಸವೆದಿದ್ದರೆ, ಮೇಷ್ಟ್ರು ಬರೀ ಹಾಜರಿ ಹಾಕಿ ಹೋಗುತ್ತಿದ್ದರೆ, ಅದಕ್ಕೆ ಮದ್ದು ಹೊಸ ಅರ ಮತ್ತು ಬೇರೆ ಮೇಷ್ಟ್ರು.

ಹೊರದೇಶದಲ್ಲಿ ಸಿಗುವಂಥದು ಏನು ಎಂಬುದನ್ನು ಟೋಕಿಯೊ ಕಾಲೇಜಿನ ಪದವೀಧರರು ತೋರಿಸುತ್ತಾರೆ. 1879ರಲ್ಲಿ ಮೊದಲ ತಂಡ ಹೊರಬಿತ್ತು, 23 ಜನ. ಅವರಲ್ಲಿ ಹನ್ನೊಂದು ಮಂದಿಯನ್ನು ಸರ್ಕಾರ 1880ರಲ್ಲಿ ಬ್ರಿಟನ್ನಿಗೆ ಕಳಿಸಿತು. ಆರು ವರ್ಷ ಮನೆಯಲ್ಲಿ ಬೆಂದವರು. ಶಿದಾ ರಿನ್‌ಜಬುರೊ ಗ್ಲಾಸ್ಗೊದಲ್ಲಿ ಕೆಲ್ವಿನ್ ಎಂದು ಮುಂದೆ ಹೆಸರಾದ ವಿಲಿಯಂ ಥಾಮ್ಸನ್ ಕೈಕೆಳಗೆ ದುಡಿದು ಪದಕ ಪಡೆದ. ತತ್ಸುನೊ ಕಿಂಗೊ ಲಂಡನ್ನಿನ ವಾಸ್ತುಶಿಲ್ಪಿಯ ಕಚೇರಿಯಲ್ಲಿದ್ದು ಬಂದು ಮುಂದೆ ಟೋಕಿಯೊ ರೈಲು ನಿಲ್ದಾಣ ಕಟ್ಟಿದ. ತಕಾಮಿನೆ ಜೋಕಿಚಿ ಗ್ಲಾಸ್ಗೊದಲ್ಲಿ ಕಲಿತು ಬಂದ, ಆಮೇಲೆ ಅಮೆರಿಕದಲ್ಲಿ ಅಡ್ರಿನಲಿನ್ ಬೇರ್ಪಡಿಸಿ ಪ್ರಸಿದ್ಧನಾದ. ಇವರಿಗೆ ಅಲ್ಲಿ ಯಾರೂ ಸುತ್ತಿಗೆ ಹಿಡಿಯುವುದನ್ನು ಕಲಿಸಬೇಕಾಗಿರಲಿಲ್ಲ.

ಆದರೆ ನನ್ನ ವಾದಕ್ಕೆ ಇವರಿಗಿಂತ ಹೆಚ್ಚು ಬಲ ಕೊಡುವವನು ಓದುವಾಗ ಹೊರದೇಶವನ್ನೇ ಕಾಣದ ತನಾಬೆ ಸಕುರೊ. ರಾಜಧಾನಿ ಟೋಕಿಯೊಗೆ ಹೋದ ಮೇಲೆ ಕಳೆಗುಂದಿದ್ದ ಕ್ಯೋಟೊ ನಗರಕ್ಕೆ ಬಿವಾ ಸರೋವರದಿಂದ ಬೆಟ್ಟ ಕೊರೆದು ಕಾಲುವೆ ತರಬಹುದೇ ಎಂಬುದು ಅವನ ಪದವಿಯ ಪ್ರಬಂಧ. ಬಲಗೈಗೆ ಗಾಯವಾಗಿದ್ದರಿಂದ ನಕ್ಷೆಗಳನ್ನು ಎಡಗೈಯಲ್ಲೇ ಬರೆದ. 1883ರಲ್ಲಿ ಪದವಿ ಮುಗಿದೊಡನೆ ಕ್ಯೋಟೊದ ರಾಜ್ಯಪಾಲ ಕಿತಗಾಕಿ ಅವನನ್ನೇ ಕರೆದು ಕೆಲಸ ವಹಿಸಿದ. ವಯಸ್ಸು ಇಪ್ಪತ್ತೊಂದು, ಕೆಲಸ ಆ ತನಕ ಜಪಾನಿನಲ್ಲಿ ಯಾರೂ ಮುಟ್ಟದಂಥದು. ಮೊದಲ ಸುರಂಗ ಒಂದೇ 2,436 ಮೀಟರ್ ಉದ್ದ. ಬೆಟ್ಟದ ಮೇಲಿನಿಂದ ಬಾವಿಯಂತೆ ಗುಂಡಿ ತೋಡಿ ಇಳಿದು, ಅಲ್ಲಿಂದ ಎರಡೂ ಕಡೆಗೆ ಕೊರೆದರು. ಇಟ್ಟಿಗೆಗೆ ತಾವೇ ಗೂಡು ಹಾಕಿದರು. 1885ರಲ್ಲಿ ಆರಂಭವಾದದ್ದು 1890ರಲ್ಲಿ ಮುಗಿಯಿತು. ನಡುವೆ 1888ರಲ್ಲಿ, ಕಾಲುವೆ ಅರ್ಧಕ್ಕಿಂತ ಹೆಚ್ಚು ಆದ ಮೇಲೆ, ತನಾಬೆ ಕೆಲವು ತಿಂಗಳು ಅಮೆರಿಕಕ್ಕೆ ಹೋದ. ನೀರಿನ ಬಲದಿಂದ ಚಕ್ರ ತಿರುಗಿಸಿ ಗಿರಣಿ ನಡೆಸುವುದು ಮೂಲ ಯೋಜನೆ, ಅದನ್ನು ಹೇಗೆ ಮಾಡುತ್ತಾರೆ ನೋಡಿ ಬರೋಣ ಎಂದು ಹೊರಟವನಿಗೆ ಕೊಲೊರಾಡೊದ ಆಸ್ಪೆನ್ ಎಂಬ ಗಣಿ ಊರಿನಲ್ಲಿ ನೀರಿನಿಂದ ವಿದ್ಯುತ್ ಮಾಡುತ್ತಿರುವುದು ಕಂಡಿತು. ಮರಳಿ ಬಂದು ಯೋಜನೆಯನ್ನೇ ಬದಲಿಸಿದ. 1891ರಲ್ಲಿ ಕ್ಯೋಟೊದ ಕೆಯಾಗೆ ವಿದ್ಯುದಾಗಾರ ಚಾಲೂ ಆಯಿತು, 1895ರಲ್ಲಿ ಅದರ ಬಲದ ಮೇಲೆ ಜಪಾನಿನ ಮೊದಲ ವಿದ್ಯುತ್ ಟ್ರಾಮ್ ಓಡಿತು. ಅವನು ಅಲ್ಲಿ ಇದ್ದದ್ದು ಒಂದು ಸೆಮಿಸ್ಟರಿನಷ್ಟೂ ಅಲ್ಲ. ಆದರೆ ಎಷ್ಟು ಎತ್ತರದಿಂದ ಎಷ್ಟು ನೀರು ಬೀಳುತ್ತದೆ ಎಂಬ ತನ್ನ ಲೆಕ್ಕ ತಲೆಯಲ್ಲಿಟ್ಟುಕೊಂಡೇ ಆ ಯಂತ್ರಗಳ ಮುಂದೆ ನಿಂತಿದ್ದ.

ಈಗ ನಮ್ಮ ಕಡೆ ನೋಡಿದರೆ, ತನಾಬೆ ಪದವಿ ಪಡೆದ ಅದೇ 1883ರಲ್ಲಿ ಪುಣೆಯ ಕಾಲೇಜ್ ಆಫ್ ಸೈನ್ಸ್‌ನಿಂದ ಇಂಜಿನಿಯರಿಂಗ್ ಮುಗಿಸಿ ಹೊರಬಂದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಅವರು ಮೊದಲ ಸಲ ಜಪಾನಿಗೆ ಹೋದದ್ದು 1898ರಲ್ಲಿ, ಹದಿನಾಲ್ಕು ವರ್ಷ ಕಾಲುವೆ, ನೀರು ಸರಬರಾಜು ಎಂದು ಕೆಲಸ ಮಾಡಿದ ಮೇಲೆ, ಸುಮಾರು ಮೂರು ತಿಂಗಳ ಮಟ್ಟಿಗೆ. ಅಲ್ಲಿ ಅವರ ಗಮನ ಹಿಡಿದದ್ದು ಯಂತ್ರಗಳಿಗಿಂತ ಹೆಚ್ಚಾಗಿ ಶಾಲೆಗಳು, ಸರ್ಕಾರ ಕೈಗಾರಿಕೆಯನ್ನು ಹೆಗಲು ಕೊಟ್ಟು ಬೆಳೆಸುತ್ತಿದ್ದ ರೀತಿ. ಮುಂದೆ ಮೈಸೂರಿನ ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು, 1943ರಲ್ಲಿ ಮೇಸ್ತ್ರಿ ಮಟ್ಟದ ಕೆಲಸಗಾರರನ್ನು ತಯಾರಿಸಲು ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿಗೆ ಅವರು ದುಡಿದದ್ದು, ಇವೆಲ್ಲ ಮಾಗಿದ ಕಣ್ಣಿನ ಪ್ರವಾಸದ ಫಲವೆಂದು ಓದಬಹುದು. ಸಿವಿಲ್ ಇಂಜಿನಿಯರಿಗೆ ಭಾರತದಲ್ಲಿ ಹೀಗೆ ಮಾಗಲು ಜಾಗವಿತ್ತು. ರೂರ್ಕಿ, ಗಿಂಡಿ, ಪುಣೆ, ಶಿಬ್‌ಪುರದ ಕಾಲೇಜುಗಳಿಂದ ಬಂದವನಿಗೆ ಕಾಲುವೆ ಮತ್ತು ಸೇತುವೆಯ ಕೆಲಸವೇ ದೊಡ್ಡ ಪಾಠಶಾಲೆ. ಯಂತ್ರ ಕಲಿಯಬೇಕೆಂದವನಿಗೆ ಅಂಥ ಜಾಗವೇ ಇರಲಿಲ್ಲ. ರೈಲ್ವೆ ವರ್ಕ್‌ಶಾಪ್‌ಗಳಿದ್ದವು, ಅವುಗಳ ಮೇಲಿನ ಹುದ್ದೆಗಳು ಯುರೋಪಿಯನ್ನರಿಗೆ ಮೀಸಲು.

ಆ ಕೊರತೆಯನ್ನು ತುಂಬಲು ಹೊರಟದ್ದೇ ವಿದ್ಯಾರ್ಥಿವೇತನದ ದಾರಿ. ಪುಣೆಯ ಕೇಶವ ಮಲ್ಹಾರ ಭಟ್ 1882ರಲ್ಲೇ ಎಂಐಟಿ ಸೇರಿದ್ದರು. 1904ರಲ್ಲಿ ಭಾರತ ಸರ್ಕಾರ ತಾಂತ್ರಿಕ ವಿದ್ಯಾರ್ಥಿವೇತನ ಆರಂಭಿಸಿ ಹುಡುಗರನ್ನು ಬ್ರಿಟನ್ನಿಗೆ ಕಳಿಸತೊಡಗಿತು. ಅದೇ ವರ್ಷ ಕಲ್ಕತ್ತಾದಲ್ಲಿ ಜೋಗೇಂದ್ರಚಂದ್ರ ಘೋಷ್ ಕಟ್ಟಿದ ಸಂಘವೊಂದು ಜನರಿಂದ ಚಂದಾ ಎತ್ತಿ ತರುಣರನ್ನು ಜಪಾನಿಗೆ, ಅಮೆರಿಕಕ್ಕೆ, ಯುರೋಪಿಗೆ ಕಳಿಸಿತು. ಸ್ವದೇಶಿ ಚಳವಳಿಯ ಬಿಸಿಯಲ್ಲಿ ಬೆಂಕಿಪೆಟ್ಟಿಗೆ, ಗಾಜು, ಸಾಬೂನು, ಬಟ್ಟೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕಲಿತು ಬರಬೇಕೆಂಬ ಆತುರ. ಬ್ರಿಟನ್ನಿಗೆ ಹೋದವರ ಪಾಡು ಬೇರೆ: ಕಾಲೇಜಿನಲ್ಲಿ ಸೀಟು ಸಿಗುತ್ತಿತ್ತು, ಗಿರಣಿಯ ಒಳಗೆ ಕಾಲಿಡಲು ಬಿಡುತ್ತಿರಲಿಲ್ಲ. ನಾಳೆ ತಮ್ಮ ಮಾರುಕಟ್ಟೆಗೇ ಪೈಪೋಟಿ ಒಡ್ಡಬಹುದಾದವನಿಗೆ ಕಸುಬಿನ ಗುಟ್ಟು ತೋರಿಸಲು ಮಾಲೀಕರಿಗೆ ಮನಸ್ಸಿರಲಿಲ್ಲ. ದೂರುಗಳು ಹೆಚ್ಚಾಗಿ ಥಿಯೋಡೋರ್ ಮಾರಿಸನ್ ಅಧ್ಯಕ್ಷತೆಯ ಸಮಿತಿ ಕೂತು 1913ರಲ್ಲಿ ವರದಿ ಕೊಟ್ಟಿತು. ಐದು ವರ್ಷದ ನಂತರ ಕೈಗಾರಿಕಾ ಆಯೋಗದ ವರದಿಗೆ ಬರೆದ ಭಿನ್ನಮತದ ಟಿಪ್ಪಣಿಯಲ್ಲಿ ಮದನಮೋಹನ ಮಾಳವೀಯರು ಜಪಾನಿನ ದಾರಿಯನ್ನು ಉದ್ದಕ್ಕೆ ವಿವರಿಸಿ, ಸರ್ಕಾರ ಮನಸ್ಸು ಮಾಡಿದ್ದರೆ ಇಲ್ಲಿಯೂ ಆಗುತ್ತಿತ್ತು ಎಂದು ವಾದಿಸಿದರು.

ಮಾಳವೀಯರ ಮಾತು ನನ್ನ ವಾದಕ್ಕೆ ತಿದ್ದುಪಡಿ ತರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಬೇಗ ಹೋದರೋ ತಡವಾಗಿ ಹೋದರೋ ಎಂಬುದಕ್ಕಿಂತ ಯಾರ ಪರವಾಗಿ ಹೋದರು ಎಂಬುದು ದೊಡ್ಡದು ಎಂದು ಯಾರಾದರೂ ಹೇಳಿದರೆ ಅರ್ಧ ಒಪ್ಪಲೇಬೇಕು. ಜಪಾನಿನ ತರುಣನ ಹಿಂದೆ ಸ್ವತಂತ್ರ ಸರ್ಕಾರವಿತ್ತು, ಆ ಸರ್ಕಾರ ಕ್ಲೈಡ್ ದಂಡೆಯ ಗಿರಾಕಿಯಾಗಿತ್ತು. ಹಡಗು ಕೊಳ್ಳುವವನ ಇಂಜಿನಿಯರ್ ಕಟ್ಟೆಯೊಳಗೆ ಓಡಾಡುವುದನ್ನು ಯಾವ ಮಾಲೀಕ ಬೇಡವೆಂದಾನು? ಭಾರತಕ್ಕೆ ಬೇಕಾದ ಸಾಮಾನನ್ನು ಭಾರತೀಯರ ದುಡ್ಡಿನಲ್ಲೇ ಕೊಳ್ಳುತ್ತಿದ್ದದ್ದು ಲಂಡನ್ನಿನ ಇಂಡಿಯಾ ಆಫೀಸು. ಆ ಗಿರಾಕಿತನದ ಬಲ ಭಾರತದ ವಿದ್ಯಾರ್ಥಿಗೆ ಸಿಗಲೇ ಇಲ್ಲ. ಆದರೆ ಉಳಿದರ್ಧವನ್ನು ಬಿಡಲಾಗದು. ಅದೇ ವಸಾಹತು ಭಾರತದೊಳಗೆ, ಮೊದಲೇ ಜಾಗ ಸಿದ್ಧವಿದ್ದ ಕಡೆ ಹೊರದೇಶದ ಕಲಿಕೆ ಫಲ ಕೊಟ್ಟ ನಿದರ್ಶನಗಳಿವೆ. 1914ರ ಯುದ್ಧದಿಂದ ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಗಂಧದೆಣ್ಣೆ ಇಳಿಸುವ ಕ್ರಮ ರೂಪಿಸಿದರು, 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ ಆಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನು ಮತ್ತು ಸುಗಂಧದ ಹೆಚ್ಚಿನ ಕಲಿಕೆಗೆ ಸಂಸ್ಥಾನ ಇಂಗ್ಲೆಂಡಿಗೆ ಕಳಿಸಿದ್ದು ಈ ಹಿನ್ನೆಲೆಯಲ್ಲಿ. ಕೈಯಲ್ಲಿ ಎಣ್ಣೆ ಇತ್ತು, ಊರಿನಲ್ಲಿ ಪ್ರಯೋಗ ನಡೆದಿತ್ತು, ಬಂದ ಮೇಲೆ ಕೂರಲು ಕಾರ್ಖಾನೆಯಿತ್ತು. ಮೈಸೂರು ಸ್ಯಾಂಡಲ್ ಸೋಪಿನ ಕಥೆಯಲ್ಲಿ ಇಂಗ್ಲೆಂಡಿನ ಪಾಲು ಇರುವುದು ಇಷ್ಟೆಲ್ಲದರ ಮೇಲೆ ಇಟ್ಟ ಕಳಶದಷ್ಟು. 1927ರಲ್ಲಿ ರೈಲ್ವೆಯವರು ಜಮಾಲ್ಪುರದಲ್ಲಿ ವಿಶೇಷ ಅಪ್ರೆಂಟಿಸ್ ವರ್ಗ ತೆರೆದಾಗಲೂ ಕ್ರಮ ಇದೇ, ಮೊದಲು ಅಲ್ಲಿನ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ದುಡಿಮೆ, ಆಮೇಲೆ ಇಂಗ್ಲೆಂಡು.

ಕೊನೆಯದಾಗಿ, ಮೊದಲ ವರ್ಷದವರನ್ನು ಕಳಿಸುವುದು ಕೈಕೆಲಸಕ್ಕಲ್ಲ, ಕಣ್ಣು ತೆರೆಸುವುದಕ್ಕೆ ಎನ್ನುವವರಿದ್ದಾರೆ. ಇದು ಪ್ರಾಮಾಣಿಕವಾದ ಮಾತು, ಇದಕ್ಕೂ ಚರಿತ್ರೆಯಲ್ಲಿ ಸಾಕ್ಷಿ ಇದೆ. ಇತೊ ಲಂಡನ್ನಿನಲ್ಲಿ ಇದ್ದದ್ದು ಕೆಲವೇ ತಿಂಗಳು, ಇಂಜಿನಿಯರಿಂಗಿನಲ್ಲಿ ಅವನು ಕಲಿತದ್ದು ಸೊನ್ನೆಗೆ ಹತ್ತಿರ. ಆದರೆ ಬ್ರಿಟನ್ನಿನ ಬಲವೆಷ್ಟು ಎಂಬುದನ್ನು ಕಣ್ಣಾರೆ ಕಂಡದ್ದರಿಂದ ದೂತಾವಾಸಕ್ಕೆ ಬೆಂಕಿ ಇಟ್ಟವನು ಯುದ್ಧ ತಪ್ಪಿಸಲು ಓಡಿಬಂದ, ಒಂಬತ್ತು ವರ್ಷದ ನಂತರ ಡೈಯರನ ಕಾಲೇಜಿಗೆ ಮಂತ್ರಿಯಾಗಿ ಬೆಂಬಲ ನಿಂತ. ಕಣ್ಣು ತೆರೆಸುವ ಪ್ರವಾಸಕ್ಕೆ ಬೆಲೆ ಇದೆ. ಹಾಗಿದ್ದರೆ ಅದನ್ನು ಪ್ರವಾಸವೆಂದೇ ಕರೆದು, ಅದರ ಖರ್ಚನ್ನು ಆ ಲೆಕ್ಕದಲ್ಲೇ ಬರೆಯಬೇಕು. ಕೌಶಲ ತರಬೇತಿಯ ಹೆಸರಿನಲ್ಲಿ ಅಂಕ ಕೊಟ್ಟು, ಅದೇ ನೆಪದಲ್ಲಿ ಊರಿನ ವರ್ಕ್‌ಶಾಪಿನ ಗಂಟೆಗಳನ್ನು ಕಡಿತ ಮಾಡಿದಾಗ ಮಾತ್ರ ತಕರಾರು.

ಜಪಾನು ಆ ಎರಡನ್ನೂ ಬೇರೆ ಬೇರೆಯಾಗಿಟ್ಟ ಮೇಲೆ ಗ್ಲಾಸ್ಗೊಗೆ ಹೋಗುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಡೈಯರ್ 1882ರಲ್ಲಿ ಊರಿಗೆ ಮರಳಿದ್ದ, ಅಲ್ಲಿಗೆ ಬರುವ ಜಪಾನಿ ವಿದ್ಯಾರ್ಥಿಗಳಿಗೆ ಅವನ ಮನೆ ಬಾಗಿಲು ಸದಾ ತೆರೆದಿರುತ್ತಿತ್ತು. ಬರುತ್ತಿದ್ದವರು ಯಮಾವೊನಂತೆ ಸಾಲದ ಪೌಂಡು ಹಿಡಿದು ಕೆಲಸ ಕೇಳಿಕೊಂಡು ಬಂದವರಲ್ಲ, ತಮ್ಮ ದೇಶದಲ್ಲೇ ಓದಿ ಬಂದವರು. 1901ರಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಭಾಷೆಗಳಲ್ಲಿ ಜಪಾನಿಯನ್ನೂ ಸೇರಿಸಿತು. ಪರೀಕ್ಷಕರಾಗಿ ನೇಮಿಸಿದ್ದು ಆಗ ಲಂಡನ್ನಿನಲ್ಲಿ ಓದುತ್ತಿದ್ದ, ಮುಂದೆ ದೊಡ್ಡ ಕಾದಂಬರಿಕಾರರಾದ ನತ್ಸುಮೆ ಸೋಸೆಕಿ ಅವರನ್ನು.